ಅರ್ಧ ಕಥೆ ತಂತಿಯಲ್ಲಿದೆ

ರಿಚರ್ಡ್ ಥಾಂಪ್ಸನ್‌ನ ಅಭಿಮಾನಿಗಳು ನಾಲ್ಕು ಜನ ಒಂದೆಡೆ ಕೂತರೆ ಮೆಚ್ಚಿನ ಹಾಡಿನ ಲೆಕ್ಕ ಶುರುವಾಗುತ್ತದೆ, ಆ ಲೆಕ್ಕ ತಾಳೆಯಾಗುವುದೇ ಇಲ್ಲ. ಬೇರೆ ಗಾಯಕರ ವಿಷಯದಲ್ಲಿ ರೇಡಿಯೊ, ಮಾರುಕಟ್ಟೆಗಳು ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿ ಕೈಗೆ ಕೊಟ್ಟಿರುತ್ತವೆ. ಈತನ ಸ್ವಂತ ಹೆಸರಿನಲ್ಲಿ ಊರೆಲ್ಲ ಗುನುಗಿದ ಹಿಟ್ ಹಾಡು ಒಂದೂ ಇಲ್ಲ. 1949ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಹದಿನೆಂಟು ತುಂಬಿದ ವರ್ಷವೇ ಫೇರ್‌ಪೋರ್ಟ್ ಕನ್ವೆನ್ಷನ್ ತಂಡದಲ್ಲಿ ಗಿಟಾರ್ ಹಿಡಿದು, ಇಂಗ್ಲೆಂಡಿನ ಹಳೆಯ ಲಾವಣಿಗಳನ್ನು ರಾಕ್ ತಾಳಕ್ಕೆ ಕೂರಿಸಿದವರಲ್ಲಿ ಒಬ್ಬನೆನಿಸಿ, 1971ರಲ್ಲಿ ತಂಡ ಬಿಟ್ಟು ತನ್ನ ದಾರಿ ಹಿಡಿದವ. ಮರುವರ್ಷ ಬಂದ ಮೊದಲ ಸ್ವತಂತ್ರ ಆಲ್ಬಮ್ ‘ಹೆನ್ರಿ ದ ಹ್ಯೂಮನ್ ಫ್ಲೈ’ ನೆಲಕಚ್ಚಿತು. ಅಲ್ಲಿಂದ 2024ರ ‘ಶಿಪ್ ಟು ಶೋರ್’ವರೆಗೆ ರಾಶಿ ಹಾಡುಗಳು, ಆರಿಸುವ ಹೊಣೆ ಪೂರ್ತಿ ಕೇಳುಗನದು. ಅಭಿಮಾನಿಗಳ ಪಟ್ಟಿಗಳೇನೋ ಸೊಗಸಾಗಿವೆ, ಅವರು ಕೊಡುವ ಕಾರಣಗಳಲ್ಲಿ ಮಾತ್ರ ನನಗೆ ತಕರಾರಿದೆ. ಕೆಲವರು ಹಾಡಿನಲ್ಲಿ ಆತನ ಬದುಕನ್ನು ಹುಡುಕುತ್ತಾರೆ, ಕೆಲವರು ಸಾಹಿತ್ಯವನ್ನು, ಇನ್ನು ಕೆಲವರು ಬೆರಳಿನ ಚಳಕವನ್ನು. ಥಾಂಪ್ಸನ್ ಅರ್ಧ ಕಥೆಯನ್ನು ಬಾಯಲ್ಲಿ ಹೇಳಿ ಉಳಿದರ್ಧವನ್ನು ತಂತಿಗೆ ಬಿಡುವವ. ಎರಡನ್ನೂ ಕೂಡಿಸಿ ಕೇಳದ ಮೆಚ್ಚುಗೆ ಅರೆಬರೆಯದು.

ಬದುಕನ್ನು ಹುಡುಕುವವರ ಸಂಗತಿ ಮೊದಲು ನೋಡೋಣ. ಅವರ ಪಟ್ಟಿಯಲ್ಲಿ 1982ರ ‘ಶೂಟ್ ಔಟ್ ದ ಲೈಟ್ಸ್’ ಆಲ್ಬಮ್ಮಿನ ಹಾಡುಗಳು ತಪ್ಪುವುದಿಲ್ಲ. ಅದು ಬಿಡುಗಡೆಯಾಗುವ ಹೊತ್ತಿಗೆ ರಿಚರ್ಡ್ ಮತ್ತು ಆತನ ಜೊತೆ ಹಾಡುತ್ತಿದ್ದ ಪತ್ನಿ ಲಿಂಡಾ ಇವರ ದಾಂಪತ್ಯ ಮುರಿದಿತ್ತು. ಆದರೂ ಇಬ್ಬರೂ ಒಂದೇ ವೇದಿಕೆ ಹತ್ತಿ ಅಮೆರಿಕ ಸುತ್ತಿದರು. ಹಾಗಾಗಿ ಇದು ವಿಚ್ಛೇದನದ ಆಲ್ಬಮ್ ಎಂಬ ಮಾತು ಅಂಟಿಕೊಂಡಿತು. ಆದರೆ ಇದರ ಹಲವು ಹಾಡುಗಳನ್ನು 1980ರಲ್ಲೇ ಗೆರಿ ರಾಫರ್ಟಿಯ ನಿರ್ಮಾಣದಲ್ಲಿ ಒಮ್ಮೆ ಧ್ವನಿಮುದ್ರಿಸಿ ಕೈಬಿಡಲಾಗಿತ್ತು. ಅಂದರೆ ಹಾಡು ಮೊದಲು, ಮನೆ ಒಡೆದದ್ದು ಆಮೇಲೆ. ‘ಮೀಟ್ ಆನ್ ದ ಲೆಡ್ಜ್’ ಕಥೆಯೂ ಇಂಥದ್ದೇ. ಹತ್ತೊಂಬತ್ತರ ಹುಡುಗ ಬರೆದ ಈ ಹಾಡು ಬಂದದ್ದು 1968ರಲ್ಲಿ. ಮರುವರ್ಷ ಮೇ ತಿಂಗಳಲ್ಲಿ ತಂಡದ ವ್ಯಾನ್ ಹೆದ್ದಾರಿಯಲ್ಲಿ ಉರುಳಿ ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್ ಮತ್ತು ಥಾಂಪ್ಸನ್‌ನ ಗೆಳತಿ ತೀರಿಕೊಂಡರು. ಅಗಲಿದವರನ್ನು ಕೂಡುವ ಹಾಡಾಗಿ ಅದನ್ನು ಜನ ಕೇಳತೊಡಗಿದ್ದು ಅನಂತರವೇ. ಆಕ್ಸ್‌ಫರ್ಡ್‌ಶೈರ್‌ನ ಕ್ರೊಪ್ರೆಡಿ ಉತ್ಸವ ಇಂದಿಗೂ ಈ ಹಾಡಿನಿಂದಲೇ ಮುಗಿಯುತ್ತದೆ, ಸಾವಿರಾರು ಜನ ದನಿಗೂಡಿಸುತ್ತಾರೆ. ಆ ಭಾವುಕತೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಅದು ಕೇಳುಗರು ಹಾಡಿಗೆ ಉಡಿಸಿದ ಬಟ್ಟೆ.

ಸಾಹಿತ್ಯಪ್ರಿಯರ ಮೊದಲ ಆಯ್ಕೆ ಬಹುತೇಕ ‘1952 ವಿನ್ಸೆಂಟ್ ಬ್ಲ್ಯಾಕ್ ಲೈಟ್ನಿಂಗ್’. 1991ರ ‘ರೂಮರ್ ಅಂಡ್ ಸೈ’ ಆಲ್ಬಮ್ಮಿನದು. ‘ಟೈಮ್’ ಪತ್ರಿಕೆ 2011ರಲ್ಲಿ ನೂರು ಶ್ರೇಷ್ಠ ಹಾಡುಗಳಲ್ಲಿ ಇದನ್ನೂ ಸೇರಿಸಿತು. ಕಳ್ಳತನದಲ್ಲಿ ಬದುಕುವ ಜೇಮ್ಸ್, ಕೆಂಗೂದಲ ಮೊಲಿ, ನಡುವೆ ಹಾಡಿನ ಹೆಸರಿನಲ್ಲಿರುವ ಆ ಮೋಟಾರ್ ಸೈಕಲ್. ಗುಂಡೇಟು ತಿಂದು ಸಾಯುವಾಗ ಆತ ಕೀಲಿಕೈಯನ್ನು ಅವಳಿಗೆ ಕೊಡುತ್ತಾನೆ. ಸ್ಟೀವನೇಜ್‌ನ ಕಾರ್ಖಾನೆಯಲ್ಲಿ ತಯಾರಾದ ಆ ರೇಸಿನ ಬೈಕುಗಳೇ ಮೂವತ್ತರ ಆಸುಪಾಸು. ಹಳೆಯ ಲಾವಣಿಯಲ್ಲಿ ದರೋಡೆಕೋರನ ಕುದುರೆ ನಿಲ್ಲುತ್ತಿದ್ದ ಜಾಗದಲ್ಲಿ ಇಲ್ಲಿ ಬೈಕು ನಿಂತಿದೆ ಎಂದು ವಿಮರ್ಶಕರು ಹೇಳುವುದು ಸರಿಯೇ. ಆದರೆ ಓಡಿಸುತ್ತಿರುವುದು ಏನು? ಒಂದೇ ಒಂದು ಗಿಟಾರ್. ಅತಿ ಮಂದ್ರದ ಎರಡು ತಂತಿಗಳನ್ನು ಸಡಿಲಿಸಿ ಇನ್ನಷ್ಟು ಕೆಳಗಿಳಿಸಿ, ಹೆಬ್ಬೆರಳು ತೋರುಬೆರಳ ನಡುವೆ ಪಿಕ್ ಹಿಡಿದು ಅವುಗಳನ್ನು ಒಂದೇ ಸಮ ಮೀಟುತ್ತ, ಉಳಿದ ಬೆರಳುಗಳಿಂದ ಮೇಲಿನ ತಂತಿಗಳಲ್ಲಿ ರಾಗ ಎತ್ತುತ್ತಾನೆ. ಕಣ್ಣು ಮುಚ್ಚಿ ಕೇಳಿದರೆ ಇಬ್ಬರು ನುಡಿಸುತ್ತಿದ್ದಾರೆ ಅನ್ನಿಸಬೇಕು. ಕೆಳಗಿನದು ಎಂಜಿನ್, ಮೇಲಿನದು ಗಾಳಿ. ಮಾತು ಸಾವಿನತ್ತ ವಾಲಿದರೂ ಕೈ ವೇಗ ಕಳೆದುಕೊಳ್ಳುವುದಿಲ್ಲ, ಕೊನೆಯ ಸಾಲು ಮುಗಿದ ಮೇಲೂ ಗಿಟಾರ್ ಓಡುತ್ತದೆ. ಗಾಡಿ ಈಗ ಮೊಲಿಯದು ಎಂಬುದನ್ನು ನನಗೆ ಮನಗಾಣಿಸುವುದು ಆ ಓಟ, ಪದಗಳಲ್ಲ.

ಇದಕ್ಕೊಂದು ಗಟ್ಟಿ ಆಕ್ಷೇಪಣೆ ಇದೆ. ಡೆಲ್ ಮೆಕ್ಕೂರಿಯ ಬ್ಲೂಗ್ರಾಸ್ ತಂಡ 2001ರಲ್ಲಿ ಇದೇ ಹಾಡನ್ನು ಬ್ಯಾಂಜೊ, ಮ್ಯಾಂಡೊಲಿನ್‌ಗಳೊಂದಿಗೆ ಹಾಡಿತು. ಮೂಲ ಹಾಡಿನಲ್ಲಿದ್ದ ಇಂಗ್ಲೆಂಡಿನ ಬಾಕ್ಸ್ ಹಿಲ್ ಅಮೆರಿಕದ ನಾಕ್ಸ್‌ವಿಲ್ ಆಯಿತು, ಹಾಡು ಅಲ್ಲೂ ಗೆದ್ದಿತು. ಥಾಂಪ್ಸನ್‌ನ ಬೆರಳಿಲ್ಲದೆಯೂ ಹಾಡು ನಿಲ್ಲುತ್ತದಲ್ಲ? ನಿಲ್ಲುತ್ತದೆ ನಿಜ. ಆದರೆ ಒಂದು ಕೈ ಮಾಡುತ್ತಿದ್ದ ಕೆಲಸಕ್ಕೆ ಅಲ್ಲಿ ಐವರು ಬೇಕಾದರು. ಎಂಜಿನ್ ತೆಗೆದಿರಲಿಲ್ಲ, ಬದಲಿಸಿದ್ದರು. ನನ್ನ ವಾದ ನಿಜಕ್ಕೂ ಸೋಲುವುದು ‘ಡಿಮ್ಮಿಂಗ್ ಆಫ್ ದ ಡೇ’ ಮುಂದೆ. 1975ರ ಈ ಹಾಡಿನಲ್ಲಿ ಗಿಟಾರ್ ತಲೆಬಾಗಿ ಹಿಂದೆ ಸರಿದು ಲಿಂಡಾಳ ದನಿಗೆ ಜಾಗ ಬಿಡುತ್ತದೆ. ಮುಂದೆ ಬಾನಿ ರೇಟ್ ಹಾಡಿದಾಗಲೂ ಅದರ ನೋವು ತುಸುವೂ ಕುಂದಲಿಲ್ಲ. ಗಂಡಹೆಂಡಿರಿಬ್ಬರೂ ಸೂಫಿ ಮಾರ್ಗ ಹಿಡಿದಿದ್ದ ಕಾಲದ್ದು. ಕರೆಯುತ್ತಿರುವುದು ನಲ್ಲನನ್ನೋ ದೇವರನ್ನೋ ಎಂಬ ಗೊಂದಲ ಪಾಶ್ಚಾತ್ಯ ಕೇಳುಗರಿಗೆ ಇದ್ದೀತು, ಅಕ್ಕನ ವಚನ ಓದಿದವರಿಗೆ ಅದೇನೂ ತೊಡಕಲ್ಲ. ಈ ಒಂದು ಹಾಡನ್ನು ನನ್ನ ನಿಯಮಕ್ಕೆ ಹೊರತೆಂದು ಒಪ್ಪಿಬಿಡುತ್ತೇನೆ.

ಮೆಚ್ಚಿನ ಪಟ್ಟಿಯೆಂದರೆ ಥಾಂಪ್ಸನ್‌ಗೇ ಏನನ್ನಿಸುತ್ತದೆ? 1999ರಲ್ಲಿ ‘ಪ್ಲೇಬಾಯ್’ ಪತ್ರಿಕೆ ಸಹಸ್ರಮಾನದ ಹತ್ತು ಶ್ರೇಷ್ಠ ಹಾಡುಗಳನ್ನು ಕೇಳಿತು. ಸಹಸ್ರಮಾನ ಎಂದಮೇಲೆ ಸಾವಿರ ವರ್ಷವೇ ಸರಿ ಎಂದು ಆತ ಮಧ್ಯಯುಗದಿಂದಲೇ ಆರಂಭಿಸಿದ. ಪತ್ರಿಕೆ ಅಚ್ಚು ಹಾಕಲಿಲ್ಲ. ಅದೇ ಪಟ್ಟಿ ಬೆಳೆದು ಹದಿಮೂರನೆಯ ಶತಮಾನದ ಇಂಗ್ಲಿಷ್ ಹಾಡಿನಿಂದ ಬ್ರಿಟ್ನಿ ಸ್ಪಿಯರ್ಸ್‌ವರೆಗಿನ ವೇದಿಕೆ ಕಾರ್ಯಕ್ರಮವಾಯಿತು. ಬ್ರಿಟ್ನಿಯ ಹಾಡನ್ನು ಆತ ಲೇವಡಿ ಮಾಡುವುದಿಲ್ಲ. ಸ್ಟುಡಿಯೊದ ಥಳುಕು ಕಳಚಿ, ಗಿಟಾರಿನಲ್ಲಿಟ್ಟು, ಒಳಗಿನ ತೊಲೆ ಕಂಬಗಳನ್ನು ತೋರಿಸುತ್ತಾನೆ. ಹಾಡಿನ ಪರೀಕ್ಷೆ ತಂತಿಯ ಮೇಲೆ ಎಂಬುದು ಆತನದೇ ರೂಢಿ.

ಉಳಿದವರು ಬೆರಳಿನ ಚಳಕ ಹುಡುಕುವ ಸೋಲೊ ಪ್ರಿಯರು. ಅವರ ಕಿವಿ ಸರಿ, ದೂರು ಇಷ್ಟೇ: ಹಾಡಿನ ಹೆಸರು ಹೇಳಿ ಯಾವ ಧ್ವನಿಮುದ್ರಣವೆಂದು ಹೇಳುವುದಿಲ್ಲ. ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಇಷ್ಟ ಎಂದರೆ ಯಾರು ಹಾಡಿದ್ದು ಎಂದು ನಾವು ಕೇಳುವುದಿಲ್ಲವೇ? ‘ದ ಕ್ಯಾಲ್ವರಿ ಕ್ರಾಸ್’ 1974ರ ಆಲ್ಬಮ್ಮಿನಲ್ಲಿ ನಾಲ್ಕು ನಿಮಿಷವೂ ಇಲ್ಲ. 1975ರ ಕಛೇರಿಯಲ್ಲಿ ನುಡಿಸಿದ್ದು, ಮರುವರ್ಷ ‘ಗಿಟಾರ್, ವೋಕಲ್’ ಎಂಬ ಸಂಗ್ರಹದಲ್ಲಿ ಬಂದದ್ದು, 13 ನಿಮಿಷಕ್ಕೂ ಹೆಚ್ಚು. ಲಂಬಿಸಿದ್ದಾನೆ ಎಂದು ಮೂಗು ಮುರಿಯುವವರಿದ್ದಾರೆ. ಸುಮ್ಮನೆ ಎಳೆದಿದ್ದರೆ ನಾನೂ ಮುರಿಯುತ್ತಿದ್ದೆ. ಆದರೆ ಥಾಂಪ್ಸನ್‌ನ ತಂದೆ ಸ್ಕಾಟ್ಲೆಂಡಿನವರು, ಆತ ಮನೆಯಲ್ಲಿ ಸ್ಕಾಟಿಷ್ ಸಂಗೀತ ಕೇಳಿ ಬೆಳೆದವ. ಆತನ ಸಮಕಾಲೀನ ಗಿಟಾರಿಗರು ಬ್ಲೂಸ್ ಬೆನ್ನು ಹತ್ತಿದಾಗ ಈತ ಬ್ಯಾಗ್‌ಪೈಪಿನ ಬಿಡದ ಶ್ರುತಿಯನ್ನು ತಂತಿಗೆ ತಂದ. ಕಲೆಯ ಅಧಿದೇವತೆ ಕಲಾವಿದನನ್ನು ಆಳಾಗಿಸಿಕೊಳ್ಳುವ ಹಾಡಿದು. ಮಾತು ಮುಗಿದ ಬಳಿಕ ಅದೇ ಶ್ರುತಿಯ ಸುತ್ತ ಗಿಟಾರ್ ಗಾಣದೆತ್ತಿನಂತೆ ಸುತ್ತುತ್ತದೆ, ಬಿಡಿಸಿಕೊಳ್ಳಲು ಜಗ್ಗುತ್ತದೆ, ಮತ್ತೆ ಅಲ್ಲಿಗೇ ಬಂದು ಬೀಳುತ್ತದೆ. ಆ ಸುತ್ತಾಟಕ್ಕೆ ನಾಲ್ಕು ನಿಮಿಷ ಸಾಲದು.

ಪಟ್ಟಿ ಬರೆಯುವವರು ಹಾಡಿನ ಪಕ್ಕ ಧ್ವನಿಮುದ್ರಣದ ವರ್ಷವನ್ನೂ ಬರೆಯಿರಿ. ನನ್ನದು ‘ದ ಕ್ಯಾಲ್ವರಿ ಕ್ರಾಸ್’, 1975.