ವೆಸ್ಲಿಯವರ ಮೂರನೆಯ ವಿಧಿ

ಜಾನ್ ವೆಸ್ಲಿಯವರು 1760ರಲ್ಲಿ ಪ್ರಕಟಿಸಿದ ‘ಹಣದ ಉಪಯೋಗ’ ಎಂಬ ಪ್ರಸಂಗಕ್ಕೆ ಲೂಕನ ಸುವಾರ್ತೆ 16ನೆಯ ಅಧ್ಯಾಯದ ಅನ್ಯಾಯಗಾರನಾದ ಮನೆವಾರ್ತೆಯವನ ಸಾಮ್ಯವೇ ಆಧಾರ. ಅದರಲ್ಲಿರುವ ವಿಧಿಗಳು ಮೂರು: ನ್ಯಾಯವಾದ ಸಂಪಾದನೆ, ಮಿತವ್ಯಯ, ದಾನ. ಮೊದಲನೆಯ ಎರಡರಲ್ಲಿಯೇ ನಿಂತವನು ಏನನ್ನೂ ಸಾಧಿಸಿದಂತಾಗಲಿಲ್ಲ ಎಂಬುದೇ ಪ್ರಸಂಗದ ತಿರುಳು. ಇದನ್ನು ಕೇವಲ ಮಿತವ್ಯಯದ ಬೋಧನೆಯೆಂದು ಓದುವವರು ಅದರ ಅರ್ಧವನ್ನೇ ಓದಿದ್ದಾರೆ.

ನಾವು ಹೆಚ್ಚಾಗಿ ಗಮನಿಸದ ಭಾಗ ಉಯಿಲನ್ನು ಕುರಿತದ್ದು. ಹಣದ ಸದುಪಯೋಗವನ್ನು ಅರಿತ ಮಗುವೊಂದಿದ್ದರೆ ಆಸ್ತಿಯ ಬಹುಭಾಗವನ್ನು ಅದಕ್ಕೇ ಬಿಡಬೇಕು. ಯಾರೂ ಅರಿಯದವರಾಗಿದ್ದರೆ ಕೊರತೆಯಾಗದಷ್ಟನ್ನು ಅವರಿಗೆ ಕೊಟ್ಟು ಉಳಿದುದನ್ನು ದೇವರ ಮಹಿಮೆಗಾಗಿ ವಿನಿಯೋಗಿಸಬೇಕು ಎಂಬುದು ವೆಸ್ಲಿಯವರ ಅಭಿಮತ. ಮರಣಾನಂತರದ ಆಸ್ತಿಗೂ ದೇವರಿಗೆ ಲೆಕ್ಕ ಒಪ್ಪಿಸಬೇಕೆಂಬ ಈ ಧೈರ್ಯವು ಪ್ರಶಂಸನೀಯ.

ಆದರೆ ದೋಷವೂ ಇಲ್ಲಿಯೇ ಇದೆ. ಮಕ್ಕಳ ಯೋಗ್ಯತೆಯನ್ನು ಅಳೆಯುವವನು ತಂದೆಯೊಬ್ಬನೇ. ಹೆಣ್ಣುಮಕ್ಕಳ ಪಾಲು ಸುಲಭವಾಗಿ ಮರೆತುಹೋಗುವ ನಮ್ಮ ಮನೆಗಳಲ್ಲಿ ಇಂಥ ತೀರ್ಪು ಪಕ್ಷಪಾತಕ್ಕೆ ಭಕ್ತಿಯ ಹೊದಿಕೆಯಾಗಬಲ್ಲದು. ತಂದೆತಾಯಿಗಳಿಗೆ ಸಲ್ಲಬೇಕಾದುದನ್ನು ‘ಕೊರ್ಬಾನ್’ ಎಂದು ಹೇಳಿ ತಪ್ಪಿಸುವವರನ್ನು ಕರ್ತನು ಖಂಡಿಸಿದ್ದನ್ನು ಮಾರ್ಕನ ಸುವಾರ್ತೆ 7ನೆಯ ಅಧ್ಯಾಯದಲ್ಲಿ ಓದುತ್ತೇವೆ. ಮನೆಯವರ ಕಣ್ಣೀರಿನಿಂದ ತೋಯ್ದ ಕಾಣಿಕೆಯು ಕಾಣಿಕೆಯಲ್ಲ.

ನಮ್ಮ ದೇಶದ ಕಾನೂನೂ ಇಂಥದೇ ಭಯವನ್ನು ತಾಳಿತ್ತು. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 118ನೆಯ ಕಲಮಿನ ಪ್ರಕಾರ, ಸಮೀಪ ಬಂಧುಗಳಿದ್ದ ಕ್ರೈಸ್ತನು ಧರ್ಮಕಾರ್ಯಕ್ಕೆ ಆಸ್ತಿ ಬಿಡಬೇಕಾದರೆ ಮರಣಕ್ಕೆ ಕನಿಷ್ಠ 12 ತಿಂಗಳು ಮೊದಲೇ ಉಯಿಲನ್ನು ಬರೆದು, 6 ತಿಂಗಳೊಳಗೆ ಅದನ್ನು ಕಾನೂನು ಗೊತ್ತುಮಾಡಿದ ಸ್ಥಳದಲ್ಲಿ ಇರಿಸಬೇಕಾಗಿತ್ತು. ಇದು ಕ್ರೈಸ್ತರ ವಿಷಯದಲ್ಲಿ ತಾರತಮ್ಯವೆಂದು ಸುಪ್ರೀಂ ಕೋರ್ಟು 2003ರಲ್ಲಿ ಅದನ್ನು ರದ್ದುಗೊಳಿಸಿತು. ತೀರ್ಪು ನ್ಯಾಯವಾದುದೇ. ಆದರೆ ಕಾನೂನಿನ ಬೇಲಿ ಹೋದ ಮೇಲೆ ಮನಸ್ಸಾಕ್ಷಿಯೇ ಬೇಲಿಯಾಗಬೇಕಲ್ಲವೇ?

ಆದುದರಿಂದ ವಾಚಕರೇ, ವೆಸ್ಲಿಯವರ ಮೂರನೆಯ ವಿಧಿಯನ್ನು ಸ್ವೀಕರಿಸಿರಿ. ಅವರು ಬಿಟ್ಟುದನ್ನು ಕೂಡಿಸಿಕೊಳ್ಳಿರಿ. ಮರಣಶಯ್ಯೆಗೆ ಕಾಯದೆ ಆರೋಗ್ಯವಿರುವಾಗಲೇ ಇಬ್ಬರು ಸಾಕ್ಷಿಗಳ ಮುಂದೆ ಉಯಿಲು ಮಾಡಿರಿ. ಅದಕ್ಕೆ ಮೊದಲು ಬಾಳಸಂಗಾತಿಯೊಂದಿಗೂ ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳೊಂದಿಗೂ ಮಾತನಾಡಿರಿ. ದತ್ತಿಯು ಅನಾಥಾಲಯಕ್ಕೋ ಬಡ ಮಕ್ಕಳ ಶಿಕ್ಷಣಕ್ಕೋ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ರೋಗಿಯ ಹಾಸಿಗೆಯ ಬಳಿ ಸಭೆಯವರು ಪ್ರಾರ್ಥನೆಯೊಂದಿಗೆ ಬರಲಿ, ಕಾಗದಪತ್ರಗಳೊಂದಿಗೆ ಬೇಡ.