ಪ್ರಯೋಗಕ್ಕೆ ಚಿಕಿತ್ಸೆಯೆಂಬ ಹೆಸರು

ರೆಟ್ ಸಿಂಡ್ರೋಮ್ ಎಂಬ ವ್ಯಾಧಿ ಸುಮಾರು ಹತ್ತು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಬಾಧಿಸುತ್ತದೆ. ಆರು ತಿಂಗಳೋ ಒಂದೂವರೆ ವರ್ಷವೋ ಎಲ್ಲರಂತೆ ಬೆಳೆದ ಮಗು ಅನಂತರ ಕಲಿತ ಮಾತನ್ನು ಕಳೆದುಕೊಳ್ಳುತ್ತದೆ. ಕೈಗಳು ಹಿಡಿಯುವುದನ್ನು ಮರೆತು ಸದಾ ಒಂದನ್ನೊಂದು ಹಿಸುಕುತ್ತಿರುತ್ತವೆ. ಎಂಇಸಿಪಿ2 ಎಂಬ ವಂಶವಾಹಿಯ ದೋಷವೇ ಇದಕ್ಕೆ ಕಾರಣವೆಂದು 1999ರಲ್ಲಿ ಹುದಾ ಜೋಗ್ಬಿಯವರ ತಂಡ ತೋರಿಸಿತು. 2007ರಲ್ಲಿ ಏಡ್ರಿಯನ್ ಬರ್ಡ್ ಅವರ ತಂಡ ಇಲಿಗಳಲ್ಲಿ ಅದೇ ವಂಶವಾಹಿಗೆ ಹಾಕಿದ್ದ ತಡೆಯನ್ನು ತೆಗೆದಾಗ ವ್ಯಾಧಿಯ ಲಕ್ಷಣಗಳು ಬಹುಮಟ್ಟಿಗೆ ಹಿಮ್ಮೆಟ್ಟಿದವು. (ಆ ಇಲಿಗಳಿಗಾದ ಹಿಂಸೆ ಪ್ರತ್ಯೇಕವಾಗಿಯೇ ವಿಚಾರಣೀಯ.) ಹೆತ್ತವರಲ್ಲಿ ಆಸೆ ಚಿಗುರಿದ್ದು ಸಹಜ.

ಆದರೆ ಮಗುವಿಗೆ ವಂಶವಾಹಿಯ ಹೊಸ ಪ್ರತಿಯನ್ನು ವೈರಸ್ಸಿನ ಮೂಲಕ ಮಿದುಳಿಗೆ ಮುಟ್ಟಿಸಬೇಕು. ಅಲ್ಲಿ ಸುಮಾರು ಅರ್ಧದಷ್ಟು ಜೀವಕೋಶಗಳು ಮೊದಲೇ ಸರಿಯಾಗಿರುತ್ತವೆ. ಅವುಗಳನ್ನೂ ಹೊಸ ಪ್ರತಿ ಹೊಕ್ಕರೆ ಅಳತೆ ಮೀರುತ್ತದೆ, ಅಳತೆ ಮೀರಿದರೂ ವ್ಯಾಧಿಯೇ. ಆದ್ದರಿಂದ ತನ್ನ ಪ್ರಮಾಣವನ್ನು ತಾನೇ ಹತೋಟಿಯಲ್ಲಿಡುವ ಪ್ರತಿಯನ್ನು ಅಮೆರಿಕದ ನ್ಯೂರೋಜೀನ್ ಕಂಪನಿ ರಚಿಸಿತು. ಅದು ಮೆಚ್ಚತಕ್ಕ ಜಾಣ್ಮೆ.

ಆಪತ್ತು ಬಂದದ್ದು ಬೇರೆ ಬಾಗಿಲಿನಿಂದ. ಮೂರು ಪಟ್ಟು ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಒಬ್ಬಳು, ದೇಹದ ರಕ್ಷಣಾಶಕ್ತಿಯೇ ಹದ್ದುಮೀರಿ ಕೆರಳಿ, 2024ರ ನವೆಂಬರಿನಲ್ಲಿ ತೀರಿಕೊಂಡಳು. ಕಡಿಮೆ ಪ್ರಮಾಣ ಪಡೆದ ಮಕ್ಕಳಲ್ಲಿ ಸುಧಾರಣೆ ಕಂಡಿದೆಯೆಂದು ಕಂಪನಿ ಪ್ರಕಟಿಸಿದ್ದೂ ಅದೇ ತಿಂಗಳು. ಮತ್ತೊಂದು ವ್ಯಾಧಿಯ ಪ್ರಯೋಗದಲ್ಲಿ ಅಧಿಕ ಪ್ರಮಾಣದ ವೈರಸ್ ಪಡೆದ ಮೂವರು ಬಾಲಕರು 2020ರಲ್ಲಿಯೇ ಅಸುನೀಗಿದ್ದರು; ಕಾರಣ ಬೇರೆಯಾದರೂ ಪ್ರಮಾಣದ ಅಪಾಯ ಅಜ್ಞಾತವಾಗಿರಲಿಲ್ಲ.

ಪ್ರಮಾಣವನ್ನು ಏರಿಸಿದ್ದೇ ಅಪರಾಧವೆನ್ನುವುದು ಆತುರದ ಮಾತು. ಒಮ್ಮೆ ಈ ವೈರಸ್ ದೇಹವನ್ನು ಹೊಕ್ಕರೆ ಅದರ ವಿರುದ್ಧ ಪ್ರತಿಕಾಯಗಳು ಹುಟ್ಟುತ್ತವೆ. ಅದೇ ಮಗುವಿಗೆ ಎರಡನೆಯ ಬಾರಿ ಕೊಡುವುದು ಇಂದಿಗೆ ಸಾಧ್ಯವಾಗಿಲ್ಲ. ಕಡಿಮೆ ಕೊಟ್ಟು ಅದು ಸಾಲದಾದರೆ ಆ ಮಗುವಿನ ಪಾಲಿನ ಅವಕಾಶವೂ ಮುಗಿದಂತೆ. ಹೆಚ್ಚು ಕೊಡಬೇಕೆಂಬ ವಾದದ ಬಲ ಇಲ್ಲಿದೆ. ಆದರೆ ಇದೇ ಸಂಗತಿ ಹೆತ್ತವರಿಗೆ ಅತ್ಯಂತ ಸ್ಪಷ್ಟವಾಗಿ ತಿಳಿಯಬೇಕಾದದ್ದು. ಮೊದಲ ಹಂತದ ಪ್ರಯೋಗ ಮುಖ್ಯವಾಗಿ ಪರೀಕ್ಷಿಸುವುದು ಸುರಕ್ಷತೆಯನ್ನು, ಎಷ್ಟು ಕೊಡಬಹುದೆಂಬುದನ್ನು. ಅದನ್ನು 'ವಂಶವಾಹಿ ಚಿಕಿತ್ಸೆ' ಎಂದು ಕರೆದೊಡನೆ, ಇನ್ನೂ ಸಿದ್ಧವಾಗದ ಫಲವನ್ನು ಹೆಸರೇ ವಾಗ್ದಾನ ಮಾಡಿಬಿಡುತ್ತದೆ. ನೊಂದ ತಾಯಿ ಸಹಿ ಹಾಕುವುದು ಆ ಹೆಸರಿಗೆ, ಒಪ್ಪಿಗೆಪತ್ರದ ಒಳಪುಟಗಳಿಗಲ್ಲ.

ಮಗುವಿನ ಒಪ್ಪಿಗೆಯ ವಿಷಯದಲ್ಲಂತೂ, ಮಾತೇ ಬಾರದವಳನ್ನು ಕೇಳುವುದು ಹೇಗೆಂಬ ಸಮಾಧಾನ ಸುಲಭ. ಈ ಮಕ್ಕಳಲ್ಲಿ ಅನೇಕರು ಕಣ್ಣೋಟದಿಂದಲೇ ಬೇಕು, ಬೇಡ ಎಂಬುದನ್ನು ತಿಳಿಸುತ್ತಾರೆ. ಆ ನೋಟವನ್ನು ಗುರುತಿಸುವ ಯಂತ್ರಗಳೂ ಬಳಕೆಯಲ್ಲಿವೆ.