ನೌಕಾವಿಹಾರ, ನಾಯಿ ಮತ್ತು ದ್ವೀಪದ ಐತಿಹ್ಯ: ಒಂದು ಪರಾಮರ್ಶೆ

ನಗಿಸುವುದಕ್ಕೆಂದು ಬರೆದ ಆಂಗ್ಲ ಪುಸ್ತಕವೊಂದನ್ನು ಇತಿಹಾಸ ವಿಭಾಗದ ಸಂಶೋಧನ ಪತ್ರಿಕೆಯಲ್ಲಿ ವಿಮರ್ಶೆಗೆ ಎತ್ತಿಕೊಂಡುದು ಕೆಲವು ವಾಚಕರಿಗೆ ವಿಚಿತ್ರವೆನಿಸಬಹುದು. ಶಾಸನ, ನಾಣ್ಯ, ಕೈಫಿಯತ್ತುಗಳ ನಡುವೆ ದೋಣಿಯೇರಿದ ಮೂವರು ಸೋಮಾರಿಗಳಿಗೂ ಅವರ ನಾಯಿಗೂ ಏನು ಕೆಲಸ ಎಂದು ಅವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಇತಿಹಾಸವನ್ನು ಜನರು ಕಲಿಯುವುದು ನಮ್ಮ ತರಗತಿಗಳಲ್ಲಿ ಮಾತ್ರವಲ್ಲ. ರಜಾದಿನದ ವಿಹಾರದಲ್ಲಿ, ದೋಣಿಯ ಹಲಗೆಯ ಮೇಲೆ ಕುಳಿತು ಕೇಳಿದ ಕಥೆಗಳಲ್ಲಿ, ಅವರು ಇನ್ನೂ ಹೆಚ್ಚು ಕಲಿಯುತ್ತಾರೆ. ಹಾಗೆ ಕಲಿತುದನ್ನು ಅಳಿಸುವುದು ಎಷ್ಟು ಕಷ್ಟವೆಂಬುದು ಅಧ್ಯಾಪಕರಿಗೆಲ್ಲ ತಿಳಿದ ವಿಷಯ.

ನಾವು ವಾಸಿಸುವ ಬಿಜೈಯಲ್ಲಿ ಹಡಗಿನ ಆಕಾರದ ಕಟ್ಟಡವೊಂದಿದೆ. ಕರ್ನಲ್ ಮಿರಾಜ್ಕರ್ ಅವರು ತಮ್ಮ ತಾಯಿಯ ನೆನಪಿಗಾಗಿ ದಾನವಿತ್ತ ಆ ಮನೆಯೇ 1960ರಲ್ಲಿ ಶ್ರೀಮಂತಿಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯವಾಯಿತು. ಎಂದೂ ನೀರಿಗಿಳಿಯದ ಈ ಹಡಗಿನೊಳಗೆ ಪ್ರಾಚ್ಯವಸ್ತುಗಳು ನಿಶ್ಚಲವಾಗಿ ಕುಳಿತಿವೆ. ನೀರಿಗಿಳಿದ ದೋಣಿಯಲ್ಲಾದರೋ ಇತಿಹಾಸವು ಹೀಗೆ ನಿಂತಲ್ಲಿ ನಿಲ್ಲುವುದಿಲ್ಲ. ಬಾಯಿಂದ ಬಾಯಿಗೆ ಹರಿಯುತ್ತ ರೂಪವನ್ನು ಬದಲಿಸಿಕೊಳ್ಳುತ್ತದೆ. ಪ್ರಕೃತ ಲೇಖನವು ಈ ಎರಡನೆಯ ಬಗೆಯ ಇತಿಹಾಸವನ್ನು ಕುರಿತದ್ದು.

ಜೆರೋಮ್ ಕೆ. ಜೆರೋಮನ 'ತ್ರೀ ಮೆನ್ ಇನ್ ಎ ಬೋಟ್' 1889ರಲ್ಲಿ ಪ್ರಕಟವಾಯಿತು. ಮೂವರು ಗೆಳೆಯರು ಮೊಂಟ್‌ಮೊರೆನ್ಸಿ ಎಂಬ ನಾಯಿಯೊಡನೆ ಥೇಮ್ಸ್ ನದಿಯಲ್ಲಿ ಕಿಂಗ್‌ಸ್ಟನ್ನಿನಿಂದ ಆಕ್ಸ್‌ಫರ್ಡಿನವರೆಗೆ ಹುಟ್ಟು ಹಾಕುತ್ತ ಹೋಗಿ, ಹಿಂದಿರುಗುವಾಗ ಮಳೆಗೆ ಸೋತು, ದೋಣಿಯನ್ನು ನಡುದಾರಿಯಲ್ಲಿ ಬಿಟ್ಟು ರೈಲು ಹತ್ತುವುದೇ ಅದರ ಕಥೆ. ಗ್ರಂಥಕರ್ತನು ಮೊದಲು ಬರೆಯಹೊರಟಿದ್ದು ಹಾಸ್ಯಗ್ರಂಥವನ್ನಲ್ಲ, ಥೇಮ್ಸ್ ನದಿಯ ದೃಶ್ಯಗಳನ್ನೂ ಇತಿಹಾಸವನ್ನೂ ಹೇಳುವ ಗ್ರಂಥವನ್ನು ಎಂಬುದು ಅವನ ಆತ್ಮಕಥೆಯಿಂದ (1926) ತಿಳಿದುಬರುತ್ತದೆ. ಇದನ್ನು ಮೊದಲು ಧಾರಾವಾಹಿಯಾಗಿ ಅಚ್ಚುಹಾಕಿದ ಪತ್ರಿಕೆಯ ಸಂಪಾದಕ ರಾಬಿನ್‌ಸನ್ ಇತಿಹಾಸದ ಭಾಗಗಳಲ್ಲಿ ಹೆಚ್ಚಿನವನ್ನು ಕಿತ್ತುಹಾಕಿದನು. ಇತಿಹಾಸಕಾರರಾದ ನಾವು ಇದಕ್ಕೆ ಮರುಗಬೇಕಾದುದು ಸಹಜ; ಆದರೆ ಸಂಪಾದಕನು ಕೃತಿಗೆ ಉಪಕಾರವನ್ನೇ ಮಾಡಿದನೆಂದು ಒಪ್ಪದೆ ಗತ್ಯಂತರವಿಲ್ಲ. ಉಳಿದುಕೊಂಡ ಐತಿಹಾಸಿಕ ಪ್ರಸಂಗಗಳಲ್ಲಿ ಭಾಷೆ ಉಬ್ಬುತ್ತದೆ, ರಾಜರು ಬಣ್ಣದ ಬೊಂಬೆಗಳಾಗುತ್ತಾರೆ. ಲೇಖಕನ ಕಣ್ಣು ತೀಕ್ಷ್ಣವಾಗಿರುವುದು ದೋಣಿಯೊಳಗಿನ ಸಂಗತಿಗಳ ಮೇಲೆ.

ಆ ಸಂಗತಿಗಳಲ್ಲಿ ನಾಯಿಯೇ ಮುಖ್ಯವಾದುದು. ಪ್ರವಾಸದ ಸಲಹೆಯನ್ನು ಒಪ್ಪದವನು ಮೊಂಟ್‌ಮೊರೆನ್ಸಿಯೊಬ್ಬನೇ. ಒಂದಕ್ಕೆ ಮೂರು ಮತಗಳಿಂದ ಅವನು ಸೋಲುತ್ತಾನೆ. ಯಜಮಾನರು ಅಡುಗೆಮಾಡುತ್ತಿರುವಾಗ ಪಾತ್ರೆಗೆ ಸೇರಲೆಂದು ಸತ್ತ ಇಲಿಯೊಂದನ್ನು ಕಚ್ಚಿಕೊಂಡು ಬರುತ್ತಾನೆ. ಕುದಿಯುವ ಕೆಟಲಿನೊಡನೆ ಯುದ್ಧಕ್ಕಿಳಿದು ಮೂಗು ಸುಟ್ಟುಕೊಳ್ಳುತ್ತಾನೆ. ಮನುಷ್ಯರ ಮಾತು ಗಗನಕ್ಕೇರಿದಾಗಲೆಲ್ಲ ಅದನ್ನು ನೆಲಕ್ಕೆಳೆಯುವುದೇ ಅವನ ಉದ್ಯೋಗ. ಆದರೆ ವಸ್ತುಸ್ಥಿತಿಯಲ್ಲಿ ಈ ನಾಯಿ ಇರಲೇ ಇಲ್ಲ. ಗೆಳೆಯರಿಬ್ಬರಿಗೂ ನಿಜಜೀವನದಲ್ಲಿ ಮೂಲವ್ಯಕ್ತಿಗಳುಂಟು; ನಾಯಿ ಮಾತ್ರ ಲೇಖಕನ ಕಲ್ಪನೆ. 1888ರಲ್ಲಿ ಮದುವೆಯಾದ ಜೆರೋಮನು ಹೆಂಡತಿಯೊಡನೆ ಅದೇ ನದಿಯಲ್ಲಿ ಕಳೆದ ದಿನಗಳ ಬೆನ್ನಿಗೇ ಈ ಪುಸ್ತಕವು ಹುಟ್ಟಿತು. ದೋಣಿಯಲ್ಲಿದ್ದ ಹೆಂಡತಿ ಪುಸ್ತಕದಲ್ಲಿಲ್ಲ. ಇಲ್ಲದ ನಾಯಿ ಪುಸ್ತಕದಲ್ಲಿದೆ. ಹೀಗಿದ್ದರೂ ಮುನ್ನುಡಿಯಲ್ಲಿ ಲೇಖಕನು ತನ್ನ ಕೃತಿಯ ಗುಣವೆಲ್ಲ ಅದರ ಸತ್ಯನಿಷ್ಠೆಯಲ್ಲಿದೆಯೆಂದು ಹೇಳಿಕೊಳ್ಳುತ್ತಾನೆ!

ಇಲ್ಲಿ ನಮ್ಮ ನಾಡಿನ ನಾಯಿಯೊಂದನ್ನು ನೆನೆಯುವುದು ಉಚಿತ. ಕ್ರಿ.ಶ. 949–50ರ ಆತಕೂರು ಶಾಸನವು ಕಾಳಿ ಎಂಬ ಬೇಟೆನಾಯಿಯನ್ನು ಹೆಸರಿಸಿ ಕೀರ್ತಿಸುತ್ತದೆ. ಗಂಗ ಬೂತುಗನ ಆಳಾದ ಮಣಲೇರನು ತನ್ನ ಪರಾಕ್ರಮಕ್ಕೆ ದೊರೆತ ಮೆಚ್ಚುಗೆಯಾಗಿ ಭೂಮಿಯನ್ನಾಗಲಿ ಹೊನ್ನನ್ನಾಗಲಿ ಬೇಡದೆ ಈ ನಾಯಿಯನ್ನು ಬೇಡಿ ಪಡೆದನು. ಕಾಳಿಯು ಹಂದಿಯೊಂದಿಗೆ ಕಾದಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಕಲ್ಲನ್ನು ಪೂಜಿಸದೆ ಅರ್ಚಕನು ಉಣ್ಣಬಾರದೆಂಬ ಕಟ್ಟಳೆಯೂ ಆಯಿತು. ತಕ್ಕೋಲದ ಯುದ್ಧದಂತಹ ದೊಡ್ಡ ಸಂಗತಿಯನ್ನು ಹೇಳುವ ಕಲ್ಲಿನಲ್ಲಿಯೇ ನಾಯಿಗೂ ಸ್ಥಳ ದೊರೆತಿದೆ. ಪ್ರಶಸ್ತಿಶಾಸನಗಳೆಲ್ಲ ಅತಿಶಯೋಕ್ತಿಯೆಂದು ನಾವು ವಿದ್ಯಾರ್ಥಿಗಳಿಗೆ ಎಚ್ಚರಿಕೆ ಹೇಳುತ್ತೇವೆ. ಆದರೆ ಅತಿಶಯೋಕ್ತಿಯ ಪ್ರಕಾರವೆನಿಸಿದ ಶಾಸನದಲ್ಲಿ ನಿಜವಾದ ನಾಯಿಯೂ, ಸತ್ಯನಿಷ್ಠೆಯನ್ನು ಸಾರುವ ಪುಸ್ತಕದಲ್ಲಿ ಕಲ್ಪನೆಯ ನಾಯಿಯೂ ಇರುವುದನ್ನು ಕಂಡಾಗ, ಆಧಾರದ ಬೆಲೆಯನ್ನು ಅದರ ಪ್ರಕಾರದಿಂದಲೇ ಅಳೆಯಬಾರದೆಂಬ ಪಾಠ ದೊರೆಯುತ್ತದೆ. ಪ್ರತಿಯೊಂದು ಹೇಳಿಕೆಯನ್ನೂ ಅದರದರ ನೆಲೆಯಲ್ಲಿಯೇ ಪರೀಕ್ಷಿಸತಕ್ಕದ್ದು.

ಇನ್ನು ದ್ವೀಪದ ವಿಷಯ. ಥೇಮ್ಸ್ ನದಿಯ ರನ್ನಿಮೀಡಿನ ಬಳಿ ಮ್ಯಾಗ್ನಾ ಕಾರ್ಟಾ ದ್ವೀಪವೆಂಬ ಸಣ್ಣ ಕುದ್ರು ಇದೆ. 1215ರ ಜೂನ್ 15ರಂದು ಜಾನ್ ದೊರೆ ಸನ್ನದಿಗೆ ಒಪ್ಪಿಗೆಯಿತ್ತದ್ದು ಇಲ್ಲಿಯೇ ಎಂದು ಐತಿಹ್ಯ. ಸನ್ನದಿನಲ್ಲಿಯಾದರೋ ವಿಂಡ್ಸರ್ ಮತ್ತು ಸ್ಟೇನ್ಸ್ ನಡುವಣ ರನ್ನಿಮೀಡ್ ಎಂಬ ಹುಲ್ಲುಗಾವಲಿನ ಹೆಸರಿದೆಯೇ ಹೊರತು ದ್ವೀಪದ ಹೆಸರಿಲ್ಲ. ಜೆರೋಮನು ಈ ವಿವಾದವನ್ನು ಬಲ್ಲನು. ತೀರ್ಪು ಕೊಡುವ ಬದಲು, ತಾನು ಆ ಸಾಮಂತರಲ್ಲೊಬ್ಬನಾಗಿದ್ದರೆ ಅಂತಹ ಕಪಟಿ ದೊರೆಯನ್ನು ದ್ವೀಪಕ್ಕೇ ಕರೆದೊಯ್ಯಲು ಸಲಹೆ ಮಾಡುತ್ತಿದ್ದೆನೆಂದು ನಗೆಯಾಡಿ ಮುಂದೆ ಸಾಗುತ್ತಾನೆ. ಸಂಶಯವು ಸಂಶಯವಾಗಿಯೇ ಉಳಿಯುತ್ತದೆ, ವಾಚಕನಿಗೆ ಮೋಸವಾಗುವುದಿಲ್ಲ. ಈ ಲಘುಗ್ರಂಥದ ಮೇಲೆ ನಮಗೆ ಗೌರವ ಹುಟ್ಟುವುದು ಇಂತಹ ಕಡೆಗಳಲ್ಲಿ.

ಈಗ ನಮ್ಮ ಕಡಲಿಗೆ ಬರೋಣ. ಮಲ್ಪೆಯಿಂದ ಸುಮಾರು 6 ಕಿಲೋಮೀಟರು ದೂರದಲ್ಲಿರುವ ಸೇಂಟ್ ಮೇರೀಸ್ ದ್ವೀಪಗಳಿಗೆ, ಅಂದರೆ ತೋನ್ಸೆಪಾರಿಗೆ, ಮಳೆಗಾಲವನ್ನುಳಿದು ಮಿಕ್ಕ ದಿನಗಳಲ್ಲಿ ವಿಹಾರದ ದೋಣಿಗಳು ಹೋಗುತ್ತವೆ. ಮಡಗಾಸ್ಕರವು ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಲಾವಾರಸವು ತಣಿದು ಮೂಡಿದ ಕಂಬಗಳಂತಹ ಶಿಲೆಗಳು ಅಲ್ಲಿವೆ. ಪ್ರವಾಸಿಗಳು ಕೇಳುವ ಕಥೆ ಮಾತ್ರ ಬೇರೆ: 1498ರಲ್ಲಿ ಪೋರ್ಚುಗಲ್ಲಿನಿಂದ ಬಂದ ವಾಸ್ಕೋ ಡ ಗಾಮನು ಮೊದಲು ಇಲ್ಲಿ ಇಳಿದು, ಶಿಲುಬೆಯನ್ನು ನೆಟ್ಟು, ಮೇರಿಮಾತೆಯ ಹೆಸರಿಟ್ಟು, ಅನಂತರ ಕಲ್ಲಿಕೋಟೆಗೆ ಹೋದನೆಂದು. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದು ಬಂದ ಮೇಲೆ ಅವರು ಬರೆದೊಪ್ಪಿಸಿದ ವರದಿಗಳಲ್ಲಿ ಈ ಕಥೆಯೇ ಮತ್ತೆ ಮತ್ತೆ ಕಾಣಿಸಿಕೊಂಡಿತು. ಅವರನ್ನು ದೂರುವ ಅಧಿಕಾರ ನಮಗಿರಲಿಲ್ಲ. ಏಕೆಂದರೆ ಮೂಲವನ್ನು ನೋಡದೆ ನಾವೂ ಇದನ್ನೇ ತರಗತಿಯಲ್ಲಿ ಹೇಳಿದ್ದುಂಟು.

ಮೂಲವು ಹೇಳುವುದೇನು? ಗಾಮನ ಮೊದಲ ಪ್ರಯಾಣದ ದಿನಚರಿಯೊಂದು ಉಳಿದುಬಂದು 1838ರಲ್ಲಿ ಅಚ್ಚಾಯಿತು. ಆಲ್ವಾರೊ ವೆಲ್ಯೊ ಎಂಬವನು ಅದರ ಕರ್ತೃವೆಂದು ಸಾಮಾನ್ಯವಾಗಿ ಊಹಿಸಲಾಗಿದೆ. ಅದರಂತೆ ಹಡಗುಗಳು ಕಲ್ಲಿಕೋಟೆಯ ಕರೆಗೆ ಬಂದದ್ದು 1498ರ ಮೇ ತಿಂಗಳಲ್ಲಿ. ಅಲ್ಲಿಂದ ಹೊರಟದ್ದು ಆಗಸ್ಟ್ ಕೊನೆಯಲ್ಲಿ. ಸೆಪ್ಟೆಂಬರ್ 15ರಂದು, ನೆಲದಿಂದ ಸುಮಾರು ಎರಡು ಲೀಗು ದೂರದ ಕಿರುದ್ವೀಪಗಳಲ್ಲೊಂದರ ಮೇಲೆ ಅವರು ಕಂಬವೊಂದನ್ನು ನೆಟ್ಟರು. ದೊರೆಯ ಆಜ್ಞೆಯಂತೆ ನೆಡಬೇಕಾಗಿದ್ದ ಮೂರು ಕಂಬಗಳಲ್ಲಿ ಇದು ಕೊನೆಯದು. ಸಾಂತಾ ಮರಿಯಾ ಎಂಬುದು ಅದರ ಹೆಸರು. ಬಳಿಕ ಕೆಲವೇ ದಿನಗಳಲ್ಲಿ ಹಡಗುಗಳು ಕಾರವಾರದ ಬಳಿಯ ಅಂಜದೀವವನ್ನು ಸೇರಿದವು.

ಇದರಿಂದ ಮೂರು ಅಂಶಗಳು ಸಿದ್ಧಿಸುತ್ತವೆ. ಮೊದಲನೆಯದಾಗಿ, ಗಾಮನು ದ್ವೀಪಕ್ಕೆ ಬಂದದ್ದು ಕಲ್ಲಿಕೋಟೆಗೆ ಹೋಗುವಾಗಲಲ್ಲ, ಅಲ್ಲಿಂದ ಊರಿಗೆ ಮರಳುವಾಗ. ಎರಡನೆಯದಾಗಿ, ಅವನು ನೆಟ್ಟದ್ದು ತನ್ನ ದೊರೆಯ ಹಕ್ಕನ್ನು ಸಾರುವ ಕಂಬ; ಬರಿಯ ಭಕ್ತಿಯ ಕುರುಹೆಂದು ಅದನ್ನು ತಿಳಿಯುವುದು ಸಾಲದು. ಮೂರನೆಯದಾಗಿ, ಆ ಕಿರುದ್ವೀಪವೇ ನಮ್ಮ ತೋನ್ಸೆಪಾರ್ ಎಂಬುದು ಹೆಸರಿನ ಹೋಲಿಕೆಯಿಂದಲೂ ದಾರಿಯ ದಿಕ್ಕಿನಿಂದಲೂ ಸಂಭಾವ್ಯವೇ ಹೊರತು ನಿಶ್ಚಿತವಲ್ಲ. ಪೋರ್ಚುಗೀಸ್ ಲೀಗನ್ನು ಸುಮಾರು 6 ಕಿಲೋಮೀಟರೆಂದು ಹಿಡಿದರೆ ಎರಡು ಲೀಗು ಇಂದಿನ ದೂರದ ಇಮ್ಮಡಿಯಾಗುತ್ತದೆ. ಕಣ್ಣಳತೆಯ ಲೆಕ್ಕವಾದುದರಿಂದ ಇದೊಂದೇ ಕಾರಣಕ್ಕೆ ಐತಿಹ್ಯವನ್ನು ತಳ್ಳಿಹಾಕಲಾಗದು. ಆದರೆ ಸಂಶಯದ ಮಾತನ್ನು ಸೇರಿಸದೆ ಹೇಳುವುದೂ ನ್ಯಾಯವಲ್ಲ.

ದಿನಚರಿಯಲ್ಲಿ ಇನ್ನೊಂದು ವಿವರವಿದೆ; ವಿಹಾರದ ಕಥೆಯಲ್ಲಿ ಅದು ಪೂರ್ತಿಯಾಗಿ ಬಿಟ್ಟುಹೋಗಿದೆ. ಆ ದಿನ ಅನೇಕ ದೋಣಿಗಳು ಮೀನನ್ನು ತಂದವು. ಗಾಮನು ಆ ದೋಣಿಯವರಿಗೆ ಅಂಗಿಗಳನ್ನು ಕೊಟ್ಟು, ಇಲ್ಲಿ ಕಂಬ ನೆಟ್ಟರೆ ನಿಮಗೆ ಸಂತೋಷವೇ ಎಂದು ಕೇಳಿದನಂತೆ. ಅವರು ಬಹಳ ಸಂತೋಷವೆಂದರಂತೆ. ನೀವೂ ನಮ್ಮಂತೆ ಕ್ರೈಸ್ತರೆಂಬುದು ಅದರಿಂದ ದೃಢವಾಗುವುದೆಂದೂ ಹೇಳಿದರಂತೆ! ಕಲ್ಲಿಕೋಟೆಯ ದೇವಾಲಯವನ್ನೇ ಇಗರ್ಜಿಯೆಂದು ಬಗೆದವರ ಬರಹವಿದು. ಯಾವ ಭಾಷೆಯಲ್ಲಿ ಪ್ರಶ್ನೆ ನಡೆಯಿತು, ಮೀನುಗಾರರು ತಿಳಿದುಕೊಂಡದ್ದೇನು, ನಿಜವಾಗಿ ಉತ್ತರಿಸಿದ್ದೇನು ಎಂಬುದಕ್ಕೆ ನಮ್ಮ ಕಡೆಯ ಸಾಕ್ಷ್ಯವಿಲ್ಲ. ಆದರೆ ಅವರು ಅಲ್ಲಿದ್ದರು ಎಂಬುದು ಸತ್ಯ. ಗಾಮನು ಬರುವ ಮೊದಲೇ ಆ ನೀರು ಅವರ ದುಡಿಮೆಯ ನೆಲೆಯಾಗಿತ್ತು. ಐತಿಹ್ಯವು ಒಂದು ಕಂಬವನ್ನು ನೆನಪಿನಲ್ಲಿಟ್ಟು, ದೋಣಿಗಳ ಗುಂಪನ್ನೇ ಮರೆತಿದೆ.

ಈ ದೃಷ್ಟಿಯಿಂದ ಜೆರೋಮನ ಕೃತಿಯೂ ನಿರ್ದೋಷವಲ್ಲ. ನದಿಯಿಂದಲೇ ಹೊಟ್ಟೆಹೊರೆಯುವ ಜನರು ಅದರಲ್ಲಿ ಬಹುಮಟ್ಟಿಗೆ ನಗೆಯ ವಸ್ತುಗಳು. ಆದರೂ ಒಂದೆಡೆ ಅವನು ತಡೆದು ನಿಲ್ಲುತ್ತಾನೆ. ಗೋರಿಂಗಿನ ಬಳಿ ನೀರಿನಲ್ಲಿ ತೇಲಿಬಂದ ಹೆಣ್ಣಿನ ಶವವನ್ನು ಮೂವರೂ ಕಾಣುತ್ತಾರೆ. ದಿನಕ್ಕೆ 12 ಗಂಟೆ ದುಡಿದು ವಾರಕ್ಕೆ 12 ಷಿಲಿಂಗಿನಲ್ಲಿ ತಾನೂ ಮಗುವೂ ಬದುಕಲು ಹೆಣಗಿದವಳು ಆಕೆ. ಅಲ್ಲಿ ಭಾವುಕತೆ ಸ್ವಲ್ಪ ಹೆಚ್ಚೆಂದು ವಿಮರ್ಶಕರು ಹೇಳಬಹುದು, ನಾವೂ ಒಪ್ಪುತ್ತೇವೆ. ಆದರೆ ಕೂಲಿಯ ಲೆಕ್ಕವನ್ನು ಕೊಟ್ಟ ಆ ವಾಕ್ಯವು ಪುಸ್ತಕದ ರಾಜರ ಮೆರವಣಿಗೆಗಳೆಲ್ಲಕ್ಕಿಂತ ಮಿಗಿಲಾದ ಇತಿಹಾಸ. ಸಂಪಾದಕನ ಕತ್ತರಿಗೆ ಅದು ಸಿಕ್ಕದಿದ್ದುದು ನಮ್ಮ ಭಾಗ್ಯ.

ವಿಹಾರವು ತಪ್ಪೆಂದು ನಮ್ಮ ತಾತ್ಪರ್ಯವಲ್ಲ. ನೇತ್ರಾವತಿ, ಫಲ್ಗುಣಿ ನದಿಗಳ ಕುದ್ರುಗಳ ನಡುವೆ ನಿಧಾನವಾಗಿ ಸಾಗುವ ದೋಣಿಯ ಕಥೆಯೊಂದನ್ನು, ನಾಯಿಯೂ ಜೊತೆಗಿದ್ದರೆ ಇನ್ನೂ ಒಳ್ಳೆಯದು, ನಮ್ಮ ತರುಣ ಲೇಖಕರಾರಾದರೂ ಬರೆಯಲಿ ಎಂದೇ ನಮ್ಮ ಅಪೇಕ್ಷೆ. ಜೆರೋಮನ ಮೂವರು ತಾವೇ ಹುಟ್ಟು ಹಾಕಿದರು. ತಮ್ಮ ಪೆದ್ದುತನವನ್ನು ತಾವೇ ಕಂಡು ನಕ್ಕರು. ನಮ್ಮ ವಿಹಾರದಲ್ಲಾದರೋ ದೋಣಿ ನಡೆಸುವವನು ಬೇರೆಯವನು. ಆದುದರಿಂದ ಇಲ್ಲಿ ಬರೆಯುವವನಿಗೆ ಹೊಣೆ ಹೆಚ್ಚು. ಅವನು ದೋಣಿಯವನನ್ನು ಮಾತನಾಡಿಸಬೇಕು, ದ್ವೀಪಕ್ಕೆ ಅವನ ಮನೆಯಲ್ಲಿ ಏನು ಹೆಸರೆಂದು ಕೇಳಬೇಕು, ಕೇಳಿದ್ದನ್ನು ಕೇಳಿದ್ದೆಂದೂ ಓದಿದ್ದನ್ನು ಓದಿದ್ದೆಂದೂ ಬೇರೆಯಾಗಿ ಬರೆಯಬೇಕು. ವಿದ್ಯಾರ್ಥಿಗಳ ಮುಂದಿನ ಪ್ರವಾಸದ ವರದಿಗೆ ನಾವು ಈ ನಿಯಮವನ್ನೇ ವಿಧಿಸಿದ್ದೇವೆ. ಒಂದು ಬೇಟೆನಾಯಿಯ ಹೆಸರನ್ನು ಸಾವಿರ ವರ್ಷ ಕಲ್ಲಿನ ಮೇಲೆ ಉಳಿಸಿಕೊಂಡ ನಾಡಿನಲ್ಲಿ, ದೋಣಿ ನಡೆಸಿದವನ ಹೆಸರನ್ನು ಕೇಳಿ ಬರೆದುಕೊಳ್ಳುವುದು ಅಸಾಧ್ಯವಾಗಬಾರದು.